ಸಾಲದ ಮನೆಗೆ ನೆರೆಯ ವಿಮೆ ಉಂಟೇ?

ರವಿವಾರ ಪೇಟೆಯ ಸಗಟು ವರ್ತಕನು ಬ್ಯಾಂಕಿನ ಸಾಲ ಪಡೆದಾಗ ದಾಸ್ತಾನಿಗೆ ವಿಮೆ ಮಾಡಿಸುವುದು ವಾಡಿಕೆ. ಆದರೆ ಇಪ್ಪತ್ತು ವರ್ಷಗಳ ಸಾಲದಲ್ಲಿ ಕಟ್ಟಿಸಿದ ಮನೆಯ ವಿಮೆಯನ್ನು ಕುರಿತು ಕೇಳಿದರೆ, “ಬ್ಯಾಂಕಿನವರೇ ಮಾಡಿಸಿರಬೇಕು” ಎಂಬ ಉತ್ತರ ಬರುವುದುಂಟು. ಈ ಊಹೆಯಲ್ಲಿಯೇ ಅಪಾಯ ಅಡಗಿದೆ.

2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಬೆಳಗಾವಿ ಜಿಲ್ಲೆ ಮರೆತಿಲ್ಲ. ಮಲಪ್ರಭೆ, ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಹರಿದವು. ಪೂರ್ಣವಾಗಿ ಕುಸಿದ ಮನೆಗೆ ಸರ್ಕಾರ ಘೋಷಿಸಿದ ಪರಿಹಾರ 5 ಲಕ್ಷ ರೂಪಾಯಿ. ಆದರೆ ಮನೆ ಬಿದ್ದರೂ ಸಾಲ ಬೀಳುವುದಿಲ್ಲ. ಮಾಸಿಕ ಕಂತು ಕಟ್ಟಲೇಬೇಕು.

ಅಮೆರಿಕದಲ್ಲಿ 1973ರ ಕಾನೂನಿನ ಪ್ರಕಾರ, ನೆರೆಯ ಅಪಾಯವಿರುವುದಾಗಿ ಸರ್ಕಾರಿ ನಕ್ಷೆ ಗುರುತಿಸಿದ ಪ್ರದೇಶದ ಮನೆಗೆ ನಿಯಂತ್ರಿತ ಬ್ಯಾಂಕುಗಳು ಸಾಲ ನೀಡಬೇಕಾದರೆ ನೆರೆವಿಮೆ ಕಡ್ಡಾಯ. ನಮ್ಮಲ್ಲಿ ಅಂತಹ ಕಾನೂನಿಲ್ಲ. ಬ್ಯಾಂಕು ಮುಖ್ಯವಾಗಿ ನೋಡುವುದು ಆಸ್ತಿಯ ಹಕ್ಕುಪತ್ರ ಮತ್ತು ಬೆಲೆಯನ್ನು. ನೀರು ಎಲ್ಲಿಯವರೆಗೆ ಬರುತ್ತದೆಂಬುದನ್ನು ಕುಟುಂಬವೇ ವಿಚಾರಿಸಿಕೊಳ್ಳಬೇಕು. ಖಾನಾಪುರದ ಕಡೆ ನಿವೇಶನ ಕೊಳ್ಳುವವರು ಗ್ರಾಮ ನಕಾಶೆಯಲ್ಲಿ ಹಳ್ಳದ ಹರಿವನ್ನು ಗಮನಿಸಲಿ, ಭಾನುವಾರದ ಬಲಿಪೂಜೆಯ ಬಳಿಕ ಆ ಊರಿನ ಹಿರಿಯರನ್ನು, “2019ರಲ್ಲಿ ನೀರು ಎಲ್ಲಿ ನಿಂತಿತ್ತು?” ಎಂದು ಕೇಳಲಿ.

ಸಾಲದ ಜೊತೆಗೆ ಬ್ಯಾಂಕು ಮಾಡಿಸುವ ವಿಮೆ ಎಷ್ಟೋ ಬಾರಿ ಸಾಲಗಾರನ ಜೀವಕ್ಕೆ ಸಂಬಂಧಿಸಿದ್ದು. ಅವನು ತೀರಿಕೊಂಡರೆ ಅದು ಸಾಲ ತೀರಿಸಲು ನೆರವಾಗುತ್ತದೆ. ಗೋಡೆ ಕುಸಿದರೆ ಅದರಿಂದ ಪ್ರಯೋಜನವಿಲ್ಲ. ಮನೆಗೆ ಬೇಕಾದುದು ಬೇರೆ ವಿಮೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯು ಬೆಂಕಿ, ಭೂಕಂಪ, ಬಿರುಗಾಳಿಗಳೊಂದಿಗೆ ನೆರೆಯ ಹಾನಿಯನ್ನೂ ಒಳಗೊಂಡಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಆ ಮೊತ್ತದ ಶೇಕಡ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳವರೆಗೆ, ಗೃಹೋಪಯೋಗಿ ವಸ್ತುಗಳಿಗೂ ರಕ್ಷಣೆ ದೊರೆಯುತ್ತದೆ. ವಿಮೆಯ ಮೊತ್ತವನ್ನು ನಿವೇಶನದ ಬೆಲೆಯಿಂದಲ್ಲ, ಮನೆಯನ್ನು ಮರಳಿ ಕಟ್ಟಲು ತಗಲುವ ವೆಚ್ಚದಿಂದ ಲೆಕ್ಕ ಹಾಕಬೇಕು.

ಆದುದರಿಂದ ಸಹಿ ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ: ಈ ವಿಮೆ ಜೀವಕ್ಕೋ, ಮನೆಗೋ? ನೆರೆ ಅದರಲ್ಲಿ ಸೇರಿದೆಯೇ? ಅವಧಿ ಎಂದು ಮುಗಿಯುತ್ತದೆ? ಬ್ಯಾಂಕು ಸೂಚಿಸಿದ ಕಂಪನಿಯಿಂದಲೇ ವಿಮೆ ಕೊಳ್ಳಬೇಕೆಂಬ ನಿರ್ಬಂಧವಿಲ್ಲ. ಪಾಲಿಸಿಯ ಪ್ರತಿಯೊಂದನ್ನು ಮನೆಯಿಂದ ಹೊರಗೆ, ನಂಬಿಕೆಯ ಬಂಧುಗಳ ಬಳಿ ಇರಿಸಿರಿ. ನೀರು ನುಗ್ಗಿದರೆ ಸ್ವಚ್ಛಗೊಳಿಸುವ ಮೊದಲೇ ಛಾಯಾಚಿತ್ರ ತೆಗೆದು, ಕಂಪನಿಗೆ ಕೂಡಲೇ ತಿಳಿಸಿರಿ.

ಕೊಲ್ಲಿ ನಾಡುಗಳಲ್ಲಿ ವರ್ಷಗಟ್ಟಲೆ ದುಡಿದು ಕಳುಹಿಸಿದ ಹಣದಿಂದ ಎದ್ದ ಮನೆಗಳು ನಮ್ಮಲ್ಲಿ ಅನೇಕ. ಆ ದುಡಿಮೆಯ ರಕ್ಷಣೆಗೆ ಮಳೆಗಾಲಕ್ಕೆ ಮುಂಚೆ ಪಾಲಿಸಿಯನ್ನೊಮ್ಮೆ ತೆರೆದು ಓದುವುದು ಮನೆಯ ಹಿರಿಯರ ಕರ್ತವ್ಯ.