ಹಿರಿಯರ ಮೇಲಿನ ದೌರ್ಜನ್ಯ: ಗುರುತಿಸುವುದು ಹೇಗೆ? ತಿಳಿಸುವುದು ಯಾರಿಗೆ?

ದೌರ್ಜನ್ಯ ಎಂದೊಡನೆ ನಮಗೆ ನೆನಪಾಗುವುದು ಹೊಡೆತ, ಬಡಿತ, ಕೂಗಾಟ. ಆದರೆ ವಯಸ್ಸಾದವರು, ಅಂಗವಿಕಲರು, ಮಾನಸಿಕ ಅಸ್ವಸ್ಥರು ಅನುಭವಿಸುವ ದೌರ್ಜನ್ಯ ಬಹುಮಟ್ಟಿಗೆ ಸದ್ದಿಲ್ಲದ್ದು. ಊಟ ಬಡಿಸುವ ಕೈಯೇ ಅದನ್ನು ನಡೆಸುತ್ತಿರಬಹುದು. ಅನುಭವಿಸುವವರು ಮಗನ ಮಾನ ಹೋದೀತೆಂದೋ, ಇರುವ ಆಸರೆಯೂ ತಪ್ಪೀತೆಂದೋ ಬಾಯಿ ಬಿಡುವುದಿಲ್ಲ.

ಅರವತ್ತು ದಾಟಿದ ಪ್ರತಿ ಆರು ಮಂದಿಯಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಒಂದಲ್ಲ ಒಂದು ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಈ ವಯಸ್ಸಿನವರು ಸುಮಾರು 10.4 ಕೋಟಿ. ಹೇಳಿಕೊಳ್ಳದವರ ನೋವನ್ನು ನೋಡುವವರೇ ಗುರುತಿಸಬೇಕು. ಅಜ್ಜಿಯ ಪಕ್ಕದಲ್ಲಿ ಕೂತು ಮಾತಾಡುವವರು, ಪಕ್ಕದ ಮನೆಗೆ ಸಲೀಸಾಗಿ ಹೋಗಿ ಬರುವವರು ನೀವು, ವಿದ್ಯಾರ್ಥಿಗಳು. ಆದ್ದರಿಂದ ಈ ವಿಷಯ ನಿಮಗೆ ತಿಳಿದಿರಬೇಕು.

ದೇಹ ಹೇಳುವ ಸಾಕ್ಷಿ

ಮುಪ್ಪಿನಲ್ಲಿ ಚರ್ಮ ತೆಳುವಾಗುತ್ತದೆ, ಸೂಕ್ಷ್ಮ ರಕ್ತನಾಳಗಳು ಬೇಗ ಒಡೆಯುತ್ತವೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ತಗುಲಿಗೂ ಚರ್ಮ ಕಂದುಗಟ್ಟುತ್ತದೆ. ಆದ್ದರಿಂದ ಒಂದು ಕಲೆ ಕಂಡ ಮಾತ್ರಕ್ಕೆ ಯಾರನ್ನೂ ದೂರಬಾರದು. ಎರಡೂ ತೋಳುಗಳಲ್ಲಿ ಬೆರಳಿನ ಗುರುತು, ಮಣಿಕಟ್ಟಿನ ಸುತ್ತ ಕಟ್ಟಿದ ಗುರುತು, ಹಳೆಯದರ ಪಕ್ಕದಲ್ಲೇ ಹೊಸ ಗಾಯ, ಗಾಯಕ್ಕೂ ಹೇಳುವ ಕಾರಣಕ್ಕೂ ಹೊಂದಿಕೆಯಿಲ್ಲದಿರುವುದು: ಇವು ಅನುಮಾನಕ್ಕೆ ಎಡೆಕೊಡುತ್ತವೆ.

ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ. ನೀರು ಕೊಡುವವರಿಲ್ಲದಿದ್ದರೆ ನಾಲಗೆ ಒಣಗುತ್ತದೆ, ಮಾತು ತಡವರಿಸುತ್ತದೆ, ಮಂಕು ಕವಿಯುತ್ತದೆ. ಮನೆಯವರು ಇದನ್ನು ‘ಅರಳುಮರಳು’ ಎಂದು ತಳ್ಳಿಹಾಕುವುದುಂಟು. ಹಾಸಿಗೆ ಹಿಡಿದವರನ್ನು ಆಗಾಗ ಮಗ್ಗುಲು ಬದಲಿಸದಿದ್ದರೆ ಸೊಂಟ, ಹಿಮ್ಮಡಿಗಳಲ್ಲಿ ರಕ್ತಸಂಚಾರ ನಿಂತು ಹುಣ್ಣಾಗುತ್ತದೆ. ಒಳ್ಳೆಯ ಆರೈಕೆ ಇದ್ದಾಗಲೂ ಹುಣ್ಣಾಗಬಹುದು. ಆದರೆ ಅದಕ್ಕೆ ಔಷಧಿಯೇ ಇಲ್ಲದೆ ಬಿಟ್ಟಿದ್ದರೆ ಅದು ನಿರ್ಲಕ್ಷ್ಯ. ನಿರ್ಲಕ್ಷ್ಯವೂ ದೌರ್ಜನ್ಯವೇ.

ಹಣ ಮತ್ತು ಮಾತು

ಪಿಂಚಣಿ ಬಂದ ದಿನವೇ ಹಣ ಬೇರೆಯವರ ಕೈ ಸೇರುವುದು, ಎ.ಟಿ.ಎಂ. ಕಾರ್ಡು ಯಾರಲ್ಲಿದೆಯೆಂದು ಅಜ್ಜನಿಗೇ ಗೊತ್ತಿಲ್ಲದಿರುವುದು, ಓದಿ ಹೇಳದೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದು, ಪಹಣಿಯಲ್ಲಿ ಇದ್ದಕ್ಕಿದ್ದಂತೆ ಹೆಸರು ಬದಲಾಗುವುದು: ಇವು ಆರ್ಥಿಕ ಶೋಷಣೆಯ ಲಕ್ಷಣಗಳು. ಬಂದವರೊಡನೆ ಮಾತಾಡಲು ಬಿಡದಿರುವುದು, ಎಲ್ಲರೆದುರು ಹೀಯಾಳಿಸುವುದು, ವೃದ್ಧಾಶ್ರಮಕ್ಕೆ ಹಾಕುತ್ತೇವೆಂದು ದಿನವೂ ಹೆದರಿಸುವುದು ಮಾನಸಿಕ ಹಿಂಸೆ. ಪ್ರಶ್ನೆ ಕೇಳಿದಾಗ ಹಿರಿಯರು ಉತ್ತರಿಸುವ ಮೊದಲು ಮತ್ತೊಬ್ಬರ ಮುಖ ನೋಡಿದರೆ, ಅದನ್ನು ಗಮನಿಸಿ.

ಏನು ಮಾಡಬೇಕು?

ಮೊದಲು, ಅವರು ಒಬ್ಬರೇ ಇರುವಾಗ ಮೆಲ್ಲನೆ ಕೇಳಿ: “ಅಜ್ಜಿ, ಊಟ ಸರಿಯಾಗಿ ಆಗ್ತಿದೆಯಾ? ಯಾರಾದರೂ ಬೇಜಾರು ಮಾಡ್ತಿದಾರಾ?” ಅವರು ‘ಏನಿಲ್ಲ ಮಗು’ ಎಂದರೆ ಒತ್ತಾಯಿಸಬೇಡಿ, ಮತ್ತೊಂದು ದಿನ ಹೋಗಿ. ಕಂಡದ್ದನ್ನು ದಿನಾಂಕದೊಡನೆ ಬರೆದಿಡಿ; ಊಹೆಯನ್ನು ಬರೆಯಬೇಡಿ. ನೀವೇ ಪತ್ತೇದಾರರಾಗಿ ಮನೆಯವರೊಡನೆ ಜಗಳಕ್ಕೆ ನಿಲ್ಲಬೇಡಿ. ನೀವು ಹೊರಟುಹೋದ ಮೇಲೆ ಅದರ ಫಲ ಉಣ್ಣುವವರು ಆ ಹಿರಿಯರೇ. ನಂಬಿಕೆಯ ಅಧ್ಯಾಪಕರಿಗೋ ದೊಡ್ಡವರಿಗೋ ತಿಳಿಸಿ.

ಪ್ರಾಣಾಪಾಯವಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ. ಸಲಹೆ, ಸಹಾಯಗಳಿಗೆ 2021ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ; ಕರೆಗೆ ಶುಲ್ಕವಿಲ್ಲ.

ಕಾನೂನಿನ ಬೆಂಬಲ

ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದೇ 2007ರಲ್ಲಿ ಕಾಯಿದೆಯಾಯಿತು. ಇದರಡಿ ಹಿರಿಯರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಜೀವನಾಂಶ ಕೇಳಬಹುದು. ತಾವೇ ಹೋಗಲಾಗದಿದ್ದರೆ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಸಲ್ಲಿಸಬಹುದು. ನ್ಯಾಯಮಂಡಳಿ ತಾನಾಗಿಯೂ ವಿಚಾರಣೆಗೆ ತೆಗೆದುಕೊಳ್ಳಬಹುದು. ನೋಡಿಕೊಳ್ಳಬೇಕಾದವರೇ ಹಿರಿಯರನ್ನು ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಬಂದರೆ 3 ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವರು ಆ ಮಾತಿಗೆ ತಪ್ಪಿದರೆ, ಆ ದಾನಪತ್ರವನ್ನು ಅನೂರ್ಜಿತವೆಂದು ಘೋಷಿಸಲು ಅವಕಾಶವಿದೆ. ಆ ಷರತ್ತು ಮುಖ್ಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದ್ದರಿಂದ ಅದನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸುವುದು ಕ್ಷೇಮ.

ಮನೆಯ ಹೆಣ್ಣುಮಕ್ಕಳ ಮೇಲೆ ಹಿಂಸೆ ನಡೆಯುತ್ತಿದ್ದರೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ಅಂಗವಿಕಲರ ವಿಷಯದಲ್ಲಿ 2016ರ ಕಾಯಿದೆಯಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮಾಹಿತಿ ಕೊಡಬಹುದು. ಮಾನಸಿಕ ಅಸ್ವಸ್ಥರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ.

ಇನ್ನೊಂದು ಮಾತು. ಎಲ್ಲ ತಪ್ಪೂ ಕೇಡುಬುದ್ಧಿಯಿಂದ ನಡೆಯುವುದಿಲ್ಲ. ಹಗಲು ರಾತ್ರಿ ಒಬ್ಬರೇ ಆರೈಕೆ ಮಾಡಿ ದಣಿದ ಸೊಸೆಯೋ ಮಗಳೋ ಸಿಟ್ಟಿನಲ್ಲಿ ಕೈ ಎತ್ತಿರಬಹುದು. ದಣಿವು ಹೊಡೆತಕ್ಕೆ ಸಮರ್ಥನೆಯಲ್ಲ. ಆದರೆ ವಾರಕ್ಕೆ ಎರಡು ಸಂಜೆ ನೀವು ಅಜ್ಜನ ಬಳಿ ಕೂತು ಅವರಿಗೆ ಬಿಡುವು ಕೊಟ್ಟರೆ, ಎಷ್ಟೋ ಸಲ ಹಿಂಸೆ ಶುರುವಾಗುವ ಮೊದಲೇ ನಿಂತೀತು.

ಚರ್ಚೆಗೆ:
1. ಹಿರಿಯರು ‘ಯಾರಿಗೂ ಹೇಳಬೇಡ’ ಎಂದರೆ ಅವರ ಇಚ್ಛೆ ಮತ್ತು ಅವರ ಸುರಕ್ಷತೆ ಇವೆರಡನ್ನೂ ಹೇಗೆ ಕಾಪಾಡುವಿರಿ?
2. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರು ಎಷ್ಟು ಮಂದಿ? ಅವರನ್ನು ಕೊನೆಯ ಸಲ ಮಾತಾಡಿಸಿದ್ದು ಯಾವಾಗ?