ತೇಯುವ ಕಲ್ಲಿನ ಸುತ್ತು, ಬಾಟಲಿಯ ಮುಚ್ಚಳದ ಗೆರೆ

ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧ. ಆದರೆ ‘ಮದ್ದು ಹಾಕಿದರು’ ಎಂದಾಗ ಅದೇ ಪದಕ್ಕೆ ವಿಷವೆಂಬ ಅರ್ಥ. ಎರಡರ ನಡುವಿನ ಅಂತರ ಬಹುಮಟ್ಟಿಗೆ ಅಳತೆಯದು ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಅಘನಾಶಿನಿ ನದಿ ಸಮುದ್ರ ಸೇರುವಲ್ಲಿರುವ ತದಡಿ, ಕುಮಟಾ ತಾಲ್ಲೂಕಿನ ಮೀನುಗಾರಿಕೆ ಬಂದರು. ಕರಾವಳಿಯ ಇಂಥ ಊರುಗಳಲ್ಲಿ ಮನೆಗೆ ಹಸುಗೂಸು ಬಂತೆಂದರೆ ತೇಯುವ ಕಲ್ಲು ಹೊರಬರುತ್ತಿತ್ತು. ಬಜೆ, ಅಳಲೆಕಾಯಿ, ಜಾಯಿಕಾಯಿ, ಮಾಚಿಕಾಯಿಗಳನ್ನು ಎದೆಹಾಲಿನಲ್ಲಿ ತೇದು ಮಗುವಿನ ನಾಲಿಗೆಗೆ ಸವರುವುದು ವಾಡಿಕೆ. ಅಳತೆಯ ಮಾನ ‘ಸುತ್ತು’. ಎಳೆಯ ಕೂಸಿಗೆ ಒಂದು ಸುತ್ತು. ತಿಂಗಳು ಕಳೆದಂತೆ ಸುತ್ತುಗಳೂ ಹೆಚ್ಚುತ್ತಿದ್ದವು. ಮಗುವಿನ ಪ್ರಮಾಣ ದೊಡ್ಡವರದಲ್ಲ, ಅದು ಬೆಳೆದಂತೆ ಬದಲಾಗಬೇಕು ಎಂಬ ತಿಳಿವಳಿಕೆ ಅಜ್ಜಿಯರಿಗಿತ್ತು.

ಆದರೆ ಅಳತೆಯೊಂದಿದ್ದರೆ ಸಾಲದು; ವಸ್ತುವಿನ ಗುಣವೂ ಗೊತ್ತಿರಬೇಕು. ನಮ್ಮ ದೇಶದ ಬಜೆಯಲ್ಲಿ ಹೇರಳವಾಗಿರುವ ಬೀಟಾ-ಅಸರೋನ್ ಎಂಬ ಅಂಶ ಪ್ರಯೋಗದ ಇಲಿಗಳಲ್ಲಿ ಕ್ಯಾನ್ಸರ್ ಉಂಟುಮಾಡಿತು. 1968ರಲ್ಲಿ ಅಮೆರಿಕ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲು ಮಾತ್ರ, ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ ಎಂಬುದು ಇಂದಿನ ವೈದ್ಯರ ಮಾತು. ತದಡಿಯಿರುವ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಆ ಮುಂಬಯಿ ನಗರದಲ್ಲಿ ಗಿರಣಿಗೆ ದುಡಿಯಲು ಹೋಗುವ ತಾಯಂದಿರು, ಮಗು ಮಲಗಿರಲೆಂದು ಅಫೀಮು ಬೆರೆತ ‘ಬಾಲಗೋಲಿ’ ಕೊಡುತ್ತಿದ್ದುದುಂಟು. ಬಡತನವೂ ಮದ್ದು ಹಾಕಿಸುತ್ತದೆ.

ಹಾಗೆಂದು ಆಧುನಿಕ ವೈದ್ಯವೇನೂ ಹುಟ್ಟಿನಿಂದಲೇ ಜಾಣನಾಗಿರಲಿಲ್ಲ. ತಾಯಿಯ ಹೊಟ್ಟೆಯಲ್ಲಿರುವ ಕೂಸನ್ನು ಮಾಸು ಕಾಪಾಡುತ್ತದೆಂದು ಬಹುಕಾಲ ನಂಬಲಾಗಿತ್ತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಎಂಬ ನಿದ್ರೆಯ ಔಷಧವನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. 1961ರ ನವೆಂಬರಿನಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಳ್ಳಲಾಯಿತು. ಜಗತ್ತಿನಾದ್ಯಂತ ಕೈಕಾಲು ಬೆಳೆಯದ ಸುಮಾರು 10,000 ಶಿಶುಗಳು ಹುಟ್ಟಿದ್ದವು. ಅಮೆರಿಕದಲ್ಲಿ ಮಾತ್ರ ಫ್ರಾನ್ಸಿಸ್ ಕೆಲ್ಸಿ ಎಂಬ ಸರ್ಕಾರಿ ಪರಿಶೀಲಕಿ, ಸಾಕಷ್ಟು ಪುರಾವೆ ಇಲ್ಲವೆಂದು ಅನುಮತಿ ತಡೆಹಿಡಿದಿದ್ದರು.

ಈ ದುರಂತದಿಂದ ಕಲಿತ ಪಾಠ ಸರಳ. ಭ್ರೂಣದ ಅಂಗಾಂಗಗಳು ಮೂಡುವುದು ಮೊದಲ ಎರಡು ತಿಂಗಳಲ್ಲಿ. ಎಷ್ಟೋ ವೇಳೆ ತಾನು ಬಸುರಿ ಎಂದು ಹೆಣ್ಣಿಗೆ ತಿಳಿಯುವ ಮೊದಲೇ. ಆದುದರಿಂದ ಮುಟ್ಟು ತಪ್ಪಿದಾಗ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಸಲ್ಲದು. ಆದರೆ ಎಲ್ಲ ಔಷಧಗಳನ್ನೂ ಬಿಟ್ಟುಬಿಡುವುದು ಇನ್ನೊಂದು ಅಪಾಯ. ಮೂರ್ಛೆರೋಗ, ಥೈರಾಯ್ಡ್, ರಕ್ತದೊತ್ತಡಗಳಿಗೆ ಚಿಕಿತ್ಸೆ ನಿಂತರೆ ತಾಯಿ ಮಗು ಇಬ್ಬರಿಗೂ ಕುತ್ತು. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಭ್ರೂಣಕ್ಕೆ ಹಾನಿಕರ ನಿಜ. ಆದರೆ ಅದನ್ನು ಬದಲಿಸಬೇಕಾದವರು ವೈದ್ಯರು, ಅದೂ ಸಾಧ್ಯವಾದರೆ ಬಸಿರಿಗೆ ಮುಂಚೆಯೇ.

ಬಾಳಂತಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೊಂದು ಬಗೆಯದು. ತಾಯಿ ಮಾತ್ರೆ ತೆಗೆದುಕೊಂಡಳೆಂದು ಮೊಲೆಯೂಡಿಸುವುದನ್ನೇ ನಿಲ್ಲಿಸುವವರಿದ್ದಾರೆ. ಬಹುಪಾಲು ಔಷಧಗಳು ಎದೆಹಾಲಿಗೆ ಇಳಿಯುವುದು ಅತ್ಯಲ್ಪ. ಜ್ವರದ ಪ್ಯಾರಾಸಿಟಮಾಲ್ ಸೇವಿಸುತ್ತಲೇ ಹಾಲೂಡಿಸಬಹುದು. ಕೊಡೀನ್ ಹಾಗೂ ಕ್ಯಾನ್ಸರ್ ಔಷಧಗಳಂಥವು ಬೇರೆ. ‘ಹಾಲು ಕುಡಿಯುವ ಮಗುವಿದೆ’ ಎಂದು ವೈದ್ಯರಿಗೆ ಹೇಳುವುದೊಂದೇ ಇಲ್ಲಿ ಬೇಕಾದ ಎಚ್ಚರ.

ಇನ್ನು ಕೂಸಿನ ಮಾತು. ಮಗು ದೊಡ್ಡವರ ಪುಟ್ಟ ಪ್ರತಿಯಲ್ಲ. ನವಜಾತ ಶಿಶುವಿನ ಪಿತ್ತಜನಕಾಂಗ, ಮೂತ್ರಪಿಂಡಗಳು ಔಷಧವನ್ನು ಜೀರ್ಣಿಸಿ ಹೊರಹಾಕುವಷ್ಟು ಬಲಿತಿರುವುದಿಲ್ಲ. ಕ್ಲೋರಾಂಫೆನಿಕಾಲ್ ಎಂಬ ಜೀವಿರೋಧಕ ಕೊಟ್ಟ ಶಿಶುಗಳು ಬೂದುಬಣ್ಣಕ್ಕೆ ತಿರುಗಿ ಸತ್ತಾಗ, 1959ರಲ್ಲಿ ವೈದ್ಯಲೋಕಕ್ಕೆ ಇದು ಮನವರಿಕೆಯಾಯಿತು. ಭಾರತದಲ್ಲಿ 12 ವರ್ಷದೊಳಗಿನವರಿಗೆ ನಿಮೆಸುಲೈಡ್ ನಿಷೇಧವಾದದ್ದು 2011ರಲ್ಲಿ.

ಮನೆಯಲ್ಲಿ ಆಗುವ ತಪ್ಪು ಮಾತ್ರ ಹೆಚ್ಚಾಗಿ ಚಮಚೆಯದು. 10 ಕಿಲೋ ತೂಕದ ಮಗುವಿಗೆ ಪ್ಯಾರಾಸಿಟಮಾಲ್ ಒಂದು ಹೊತ್ತಿಗೆ 100ರಿಂದ 150 ಮಿಲಿಗ್ರಾಂ ಸಾಕು. ಸಾಮಾನ್ಯ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇದ್ದರೆ, ಹನಿ ಹಾಕುವ ಸಣ್ಣ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೇ 100 ಇರುತ್ತದೆ. ಸಿರಪ್ಪೆಂದು ಎಣಿಸಿ ಹನಿಯ ಬಾಟಲಿಯಿಂದ 5 ಮಿಲಿಲೀಟರ್ ಕುಡಿಸಿದರೆ 500 ಮಿಲಿಗ್ರಾಂ ಒಳಹೋದಂತೆ!

ತದಡಿಯಿಂದ ಕುಮಟಾ ಆಸ್ಪತ್ರೆಗೆ ರಸ್ತೆಯಲ್ಲಿ ಹೋಗುವವರು ಹಿನ್ನೀರನ್ನು ಬಳಸಿಕೊಂಡು ಹೋಗಬೇಕು. ನಡುರಾತ್ರಿ ಮಗುವಿಗೆ ಕೆಮ್ಮು ಜ್ವರ ಬಂದಾಗ ಕೈ ಮೊದಲು ಹೋಗುವುದು ಕಪಾಟಿನಲ್ಲುಳಿದ ಹಳೆಯ ಬಾಟಲಿಯ ಕಡೆಗೆ. ಆ ಕ್ಷಣ 2025ನ್ನು ನೆನೆಯಬೇಕು. ಆ ವರ್ಷ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಔಷಧದಿಂದ ಮೂತ್ರಪಿಂಡ ಕೆಟ್ಟು 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಬೇಡವೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಆಗ ಸೂಚಿಸಿತು. ಉಸಿರಾಟ ಬಿರುಸಾದರೆ, ಮಗು ಹಾಲು ಬಿಟ್ಟರೆ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬಾಟಲಿ ಹುಡುಕುವುದಲ್ಲ, ಹಿನ್ನೀರು ಬಳಸಿಯಾದರೂ ಆಸ್ಪತ್ರೆಗೆ ಹೊರಡುವುದೇ ದಾರಿ.

ಅಜ್ಜಿ ತೇಯುವಾಗ ಸುತ್ತು ಎಣಿಸುತ್ತಿದ್ದಳು. ಒಂದು ಹೆಚ್ಚಾದರೆ ಕಲ್ಲು ತೊಳೆದು ಮತ್ತೆ ತೇಯುವ ತಾಳ್ಮೆ ಅವಳಿಗಿತ್ತು. ಅವಳ ಬೇರುಗಳನ್ನು ಇಂದು ಬಿಡಬೇಕಾಗಬಹುದು. ಆ ಎಣಿಕೆಯನ್ನು ಬಿಡಬಾರದು. ಬಾಟಲಿಯ ಮುಚ್ಚಳದ ಮೇಲಿನ ಸಣ್ಣ ಗೆರೆ ಅವಳ ಸುತ್ತಿನ ಇಂದಿನ ರೂಪ.