ತಲೆದಿಂಬಿನ ಚಿತ್ತಾರ

ಥಾಯ್ಲೆಂಡಿನ ಈಶಾನ್ಯ ಭಾಗಕ್ಕೆ ಇಸಾನ್ ಎಂದು ಹೆಸರು. ಭತ್ತದ ಸುಗ್ಗಿ ಮುಗಿದ ಮೇಲೆ ಅಲ್ಲಿಯ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂರುವುದು ತಲೆಮಾರುಗಳ ರೂಢಿ. ಅವರು ನೇಯುವ ಬಟ್ಟೆಗಳಲ್ಲಿ 'ಖಿತ್' ಎಂಬುದೊಂದು ಬಗೆ. ಚಪ್ಪಟೆ ಕಡ್ಡಿಯಿಂದ ಹಾಸಿನ ಎಳೆಗಳನ್ನು ಎಣಿಸಿ ಮೇಲೆತ್ತಿ, ನಡುವೆ ಬಣ್ಣದ ಹೊಕ್ಕನ್ನು ಹಾಯಿಸಿ, ನಾಗ, ಆನೆ, ಹೂಗಳನ್ನು ಮೂಡಿಸುತ್ತಾರೆ. ಎಣಿಕೆಯಲ್ಲಿ ಒಂದೆಳೆ ತಪ್ಪಿದರೂ ಚಿತ್ತಾರ ಕೆಟ್ಟಂತೆಯೇ.

ಈ ಬಟ್ಟೆ ಹಿಂದೆ ಮುಖ್ಯವಾಗಿ ತಲೆದಿಂಬಿಗೆ ಮೀಸಲು. ಥಾಯ್ ಜನರ ನಂಬಿಕೆಯಲ್ಲಿ ತಲೆ ದೇಹದ ಶ್ರೇಷ್ಠ ಭಾಗ, ಪಾದ ಕೀಳು. ತಲೆಗೆ ತಾಗುವ ಚಿತ್ತಾರವನ್ನು ಸೊಂಟದ ಕೆಳಗೆ ಉಡುವುದು ಸಲ್ಲದೆಂದು ಹಿರಿಯರು ತಿಳಿದಿದ್ದರು. ಮದುಮಗಳು ಖಿತ್ ದಿಂಬುಗಳನ್ನು ವರನ ಕಡೆಯ ಹಿರಿಯರಿಗೆ ಗೌರವದಿಂದ ಒಪ್ಪಿಸುವಳು. ಬೌದ್ಧ ಭಿಕ್ಷುಗಳಿಗೂ ದಿಂಬಿನ ದಾನ ಉಂಟು.

ಯಸೋಥೊನ್ ಪ್ರಾಂತದ ಸೀ ಥಾನ್ ಗ್ರಾಮ ಈ ದಿಂಬುಗಳಿಗೆ ಹೆಸರುವಾಸಿ. ಬೂರುಗದ ಹತ್ತಿ ತುಂಬಿದ ತ್ರಿಕೋನದ ಒರಗುದಿಂಬಿಗೆ 'ಕೊಡಲಿ ದಿಂಬು' ಎಂಬ ಅರ್ಥದ ಹೆಸರು ಅಲ್ಲಿಯದು. ಇಂದು ಅದೇ ಚಿತ್ತಾರ ಕೈಚೀಲ, ಮೇಜುಹಾಸು, ಗೋಡೆಯ ತೂಗುಪಟಗಳಿಗೂ ಹಬ್ಬಿದೆ. 1976ರಲ್ಲಿ ಅಂದಿನ ರಾಣಿ ಸಿರಿಕಿತ್ ಅವರು ಸ್ಥಾಪಿಸಿದ ಕರಕುಶಲ ಪ್ರತಿಷ್ಠಾನವೂ, 2001ರಲ್ಲಿ ಸರಕಾರ ಆರಂಭಿಸಿದ 'ಒಂದು ಗ್ರಾಮವಲಯ, ಒಂದು ಉತ್ಪನ್ನ' ಯೋಜನೆಯೂ ಇಂಥ ಹಳ್ಳಿಯ ಕಸುಬುಗಳಿಗೆ ಪೇಟೆಯ ದಾರಿ ತೆರೆದವು.

ಉತ್ತರದ ಮೇ ಚೆಮ್ ಕಣಿವೆಯ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿಯ ಸ್ತ್ರೀಯರು ಉಡುವ ಕೊಳವೆಯಾಕಾರದ ಉಡುಗೆಯ ಕೆಳಗಿನ ಅಂಚೇ 'ತೀನ್ ಜೊಕ್'. ತೀನ್ ಎಂದರೆ ಪಾದ. ಮುಳ್ಳುಹಂದಿಯ ಮುಳ್ಳಿನಿಂದ ಎಳೆ ಎಳೆಯನ್ನೇ ಮೀಟಿ ನೇಯುವ ಈ ಅಂಚನ್ನು ಪ್ರತ್ಯೇಕವಾಗಿ ಸಿದ್ಧಪಡಿಸಿ ಉಡುಗೆಗೆ ಹೊಲಿಯುತ್ತಾರೆ. ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ಇಳಕಲ್ಲಿನ ಕುಶಲತೆಯನ್ನು ಕಂಡ ತಾಯಂದಿರಿಗೆ ಇದರ ಶ್ರಮ ಬಿಡಿಸಿ ಹೇಳಬೇಕಿಲ್ಲ. ಪಾದದ ಬಳಿ ಇದ್ದ ಆ ಅಂಚು ಈಗ ಚೌಕಟ್ಟಿನೊಳಗೆ ಗೋಡೆಯನ್ನೇರಿದೆ!

ಇಂಥ ರೂಪಾಂತರವನ್ನು ಅಪಚಾರವೆಂದು ಹಳಿಯಲು ನನ್ನ ಮನಸ್ಸು ಒಪ್ಪದು. ಮಗ್ಗ ನಡೆದರೆ ತಾನೇ ಮನೆ ನಡೆಯುವುದು? ಆದರೆ ತಲೆದಿಂಬಿನ ನಾಗನನ್ನು ಕಾಲೊರಸಿಗೆ ಇಳಿಸುವುದು ಸರಿಯಲ್ಲ. ನೇಯ್ದವಳ ಅಜ್ಜಿ ಅದನ್ನು ಸಹಿಸುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕೇಡು ಯಂತ್ರದ ಅಚ್ಚು. ಅದೇ ಚಿತ್ತಾರವನ್ನು ಅಗ್ಗದ ಬಟ್ಟೆಯ ಮೇಲೆ ಒತ್ತಿ ಮಾರಿದಾಗ ನೇಕಾರಳ ದಿನಗಳ ದುಡಿಮೆಗೆ ಬೆಲೆ ಸಿಗದು. ಪ್ರವಾಸ ಹೋದವರು ಕೊಳ್ಳುವ ಮುನ್ನ ಬಟ್ಟೆಯನ್ನು ಮಗುಚಿ ನೋಡಬೇಕು. ಅಚ್ಚಿನದಾದರೆ ಹಿಂಬದಿ ಸಾಮಾನ್ಯವಾಗಿ ಮಂಕು. ನೇಯ್ದ ಖಿತ್ ಆದರೆ ಹೊಕ್ಕಿನ ಬಣ್ಣದೆಳೆಗಳು ಅಲ್ಲಿಯೂ ಓಡಾಡಿರುವುದು ಕಾಣುತ್ತದೆ.